ಮೂರು ನಲವತ್ತರ ಮಾತು

ಐಸ್ ಫ್ಯಾಕ್ಟರಿಯ ಬೀಗದ ಕೈ ನನ್ನ ಬಳಿ ಇರಲಿ ಎಂದು ಎಲ್ಲರೂ ಒಪ್ಪಿದ್ದು ಒಂದೇ ಕಾರಣಕ್ಕೆ. ನಾನು ಮಾತು ಕಡಿಮೆಯ ಮನುಷ್ಯ. ನಮ್ಮೂರಲ್ಲಿ ಅದು ದೊಡ್ಡ ಅರ್ಹತೆ. ಇಲ್ಲಿ ಸೂರಿನ ಕೆಳಗೆ ಆಡಿದ ಮಾತು, ಮಾಡಿದ ಸದ್ದು ಆಗಲೇ ಕೇಳುವುದಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೇಳುತ್ತದೆ; ಒಮ್ಮೆ ಕೇಳಿ ಮುಗಿದುಹೋಗುತ್ತದೆ. ಹಾಗಾಗಿ ಮಾತಾಡಬೇಕೆಂದರೆ ನಾವು ಬೀದಿಗೆ ಬರುತ್ತೇವೆ. ಮನೆಯೊಳಗೆ ಸನ್ನೆ, ಸ್ಲೇಟು. ಮಗು ಹುಟ್ಟಿದ ಮಾರನೆಯ ದಿನ ಅದರ ಮೊದಲ ಅಳು ಕೇಳಲು ನೆಂಟರು ಬಂದು ಕೂರುತ್ತಾರೆ. ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ಹೋದವರು ಕೊನೆಗೆ ಏನಂದರು ಎಂಬುದನ್ನು ಕೇಳಿಸಿಕೊಂಡೇ ಊಟಕ್ಕೇಳುತ್ತಾರೆ. ಹೆಚ್ಚಿನ ಸಲ ಅವರು ನೀರು ಕೇಳಿರುತ್ತಾರೆ.

ನಾನು ಎಂಟು ವರ್ಷದವನಿದ್ದಾಗಿನಿಂದ ನಂಜುಂಡಾರಾಧ್ಯರ ಕಾವ್ಯವಾಚನ ಕೇಳುತ್ತ ಬೆಳೆದವನು. ಮಠದ ಮಂಟಪದಲ್ಲಿ ಅವರು ಒಬ್ಬರೇ ಕೂತು ಓದುತ್ತಿದ್ದರು. ಮಾರನೆಯ ದಿನ ಅದೇ ಹೊತ್ತಿಗೆ ನಾವೆಲ್ಲ ಮಂಟಪದ ಮುಂದಿನ ಬಯಲು ಅಂಗಳದಲ್ಲಿ ಸೇರುತ್ತಿದ್ದೆವು. ಆರಾಧ್ಯರೂ ನಮ್ಮ ನಡುವೆಯೇ ಬಾಯಿ ಮುಚ್ಚಿಕೊಂಡು ಕೂತು ತಮ್ಮದೇ ದನಿಗೆ ತಲೆದೂಗುತ್ತಿದ್ದರು. ಪ್ರತಿ ಪದ್ಯದ ಕೊನೆಯ ಪದವನ್ನು ಅವರು ಓದುತ್ತಿರಲಿಲ್ಲ. ಅದು ಕೇಳುಗರ ಪಾಲು, ಅಂಗಳದಲ್ಲಿ ಕೂತ ನಾವು ತುಂಬಬೇಕು. ಮನಸ್ಸು ಬೇರೆಲ್ಲೋ ಇದ್ದವನು ಆ ಪದ ತಪ್ಪುತ್ತಿದ್ದ. ನಾನು ತಪ್ಪಿದವನಲ್ಲ. ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂತರೆ ನನಗೆ ಅದೇ ಪೂಜೆ. ಯಾರಾದರೂ ಗದ್ದಲ ಮಾಡಿದರೆ ಆರಾಧ್ಯರು ಬಯ್ಯುತ್ತಿರಲಿಲ್ಲ. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ತೋರಿಸುತ್ತಿದ್ದರು. ಅಷ್ಟಕ್ಕೇ ಅಂಗಳ ತಣ್ಣಗಾಗುತ್ತಿತ್ತು. ಈಗ ಅವರಿಗೆ ಎಂಬತ್ನಾಲ್ಕು. ಮಂಟಪದ ವಾಚನ ನಿಂತು ಆರು ವರ್ಷವಾಯಿತು. ನನಗೂ ಐವತ್ತೊಂಬತ್ತು.

ಪ್ರದರ್ಶನದ ಯೋಚನೆ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಲೋಲಾಕ್ಷಿಯದು. ಆಕೆ ಪರವೂರಿನವಳು, ಬಂದು ನಾಲ್ಕು ವರ್ಷ. ಹೊಸದಾಗಿ ಬಂದವರಿಗೆ ಮೊದಲ ತಿಂಗಳು ನಮ್ಮ ಮನೆಗಳಲ್ಲಿ ತಲೆ ಸುತ್ತುತ್ತದೆ. ಆಕೆಗೆ ತಲೆ ಸುತ್ತಲಿಲ್ಲ, ಆಸೆ ಹುಟ್ಟಿತು. “ಚಿತ್ರ ಗೋಡೆಗೆ ನೇತುಹಾಕ್ತೀವಲ್ಲ ಸಾರ್, ಹಾಗೆ ಸದ್ದನ್ನ ಜಾಗಕ್ಕೆ ನೇತುಹಾಕೋಣ. ಮಂಗಳವಾರ ನಾಲ್ಕು ಜನ ಬಂದು ತಮ್ಮ ತಮ್ಮ ಸದ್ದು ಇಟ್ಟು ಹೋಗ್ಲಿ. ಬುಧವಾರ ಊರು ಬಂದು ಕೇಳ್ಲಿ,” ಎಂದಳು.

ಜಾಗಕ್ಕೆ ಐಸ್ ಫ್ಯಾಕ್ಟರಿ ಸಿಕ್ಕಿತು. ಅದು ಮುಚ್ಚಿ ಹನ್ನೆರಡು ವರ್ಷ. ಉದ್ದನೆಯ ಹಾಲು, ಎರಡು ಪದರದ ಗೋಡೆ, ನಡುವೆ ಭತ್ತದ ಹೊಟ್ಟು. ನೆಲದ ತೊಟ್ಟಿಯಲ್ಲಿ ಐಸ್ ಕಟ್ಟುವ ತಗಡಿನ ಡಬ್ಬಗಳು ಸಾಲಾಗಿ ಕೂತಿದ್ದವು, ಅವುಗಳ ಮೇಲೆ ಮರದ ಮುಚ್ಚಳ. ಹಾಲಿನ ಹಿಂದೆ ಯಂತ್ರದ ಕೋಣೆ. ಅದರ ಶೀಟುಗಳು ಎಂದೋ ಹಾರಿಹೋಗಿ ಆಕಾಶ ಕಾಣುತ್ತಿತ್ತು. ಹಾಗಾಗಿ ಅಲ್ಲಿ ನಿಂತು ಮಾತಾಡಬಹುದಿತ್ತು. ಪುರಸಭೆಯವರು ಸೋಮವಾರದಿಂದ ಶುಕ್ರವಾರ ಸಂಜೆ ಐದರವರೆಗೆ ಕೊಟ್ಟಿದ್ದರು. ಆಮೇಲೆ ಕಟ್ಟಡ ಕೆಡವುತ್ತಾರಂತೆ.

ಸದ್ದು ಇಡುವವರು ನಾಲ್ವರು. ಲೋಲಾಕ್ಷಿ ಡಬ್ಬಗಳಿಗೆ ನೀರಿನ ಹನಿ ಬೀಳಿಸುವುದು. ಕಲಾಯಿ ಹಾಕುವ ಖಾಸಿಂ ಸಾಬರು ಒಂದು ದೊಡ್ಡ ಹಂಡೆಗೆ ತಿದಿಯೊತ್ತಿ ಕಲಾಯಿ ಹಾಕುವುದು. ಹಾಸ್ಟೆಲಿನ ಅಡುಗೆಯ ಸಾವಂತ್ರಮ್ಮ ರಾಗಿ ಜರಡಿ ಹಿಡಿಯುವುದು. ಕೊನೆಗೆ ಮೂರು ಗಂಟೆಯಿಂದ ಮೂರು ಇಪ್ಪತ್ತರವರೆಗೆ ಆರಾಧ್ಯರ ವಾಚನ. ಅವರ ಹೆಸರು ಹೇಳಿದವನು ನಾನೇ.

ಸೋಮವಾರ ಎಲ್ಲರೂ ಸೇರಿ ಕಸ ಹೊಡೆದೆವು. ಮಂಗಳವಾರ ಬೆಳಿಗ್ಗೆ ಆರಕ್ಕೇ ನಾನು ಗಡಿಯಾರ, ಸ್ಲೇಟು ಹಿಡಿದು ಬರಿಗಾಲಲ್ಲಿ ನಿಂತೆ. ಆ ದಿನ ಒಳಗೆ ಬಿದ್ದದ್ದೆಲ್ಲ ನಾಳಿನ ಪ್ರದರ್ಶನ. ಒಂದು ಮುಚ್ಚಳ ಜಾರಿದರೂ ಊರು ಕೇಳುತ್ತದೆ. ತಿದ್ದುವ ಹಾಗಿಲ್ಲ, ಇನ್ನೊಮ್ಮೆ ಎನ್ನುವ ಹಾಗಿಲ್ಲ, ಹೇಗೆ ಬಂತು ಎಂದು ಕೇಳಿ ನೋಡುವ ಹಾಗೂ ಇಲ್ಲ. ನಾವು ಕೆಲಸ ಮಾಡುತ್ತಿದ್ದರೆ ಕಿವಿಯ ತುಂಬ ಸೋಮವಾರದ ಪೊರಕೆ, ಸೋಮವಾರದ ತಗಡು ಎಳೆದಾಟ. ಹನ್ನೊಂದು ಇಪ್ಪತ್ತೆರಡಕ್ಕೆ ಸಾವಂತ್ರಮ್ಮ ಜರಡಿ ಹಿಡಿದಲ್ಲೇ ಸೀನಿದಳು. ನಾನು ಸ್ಲೇಟಿನ ಮೇಲೆ ಬರೆದುಕೊಂಡೆ. ಹೊರಗೆ ಬಂದ ಮೇಲೆ ಆಕೆ, “ಏನ್ ಮಾಡ್ಲಿ ಕಪ್ನಣ್ಣ, ಹನ್ನೆರಡು ವರ್ಸದ ಧೂಳು. ಅದ್ನೂ ಕಲೆ ಅಂತ ಸೇರಿಸ್ಕೊಳ್ಳಿ ಅತ್ಲಾಗೆ,” ಎಂದಳು. “ಸೀನು ಬಂದ್ರೆ ಒಳ್ಳೇದೇ ಬಿಡವ್ವ. ನಿದ್ದೆ ಮಾಡೋರು ಎದ್ದೇಳ್ತಾರೆ,” ಎಂದರು ಖಾಸಿಂ ಸಾಬರು. ನಾನು ನಗಲಿಲ್ಲ. ಮಂಡಿ ಸೆಳೆಯುತ್ತಿತ್ತು.

ಮೂರಕ್ಕೆ ಸರಿಯಾಗಿ ಆರಾಧ್ಯರು ಹಾಲಿನ ನಡುವೆ ಮುಚ್ಚಳಗಳ ಮೇಲೆ ಹಾಸಿದ ಚಾಪೆಯ ಮೇಲೆ ಕೂತರು. ಬೇಟೆಗೆ ಹೋದ ಅರಸ ದಾರಿ ತಪ್ಪಿ, ಕಾಡಿನ ಗುಡಿಸಲೊಂದರ ಮುಂದೆ ನೀರು ಬೇಡುವ ಭಾಗ. ಎದುರಿಗೆ ನಿಂತು ಅವರ ಬಾಯಿ ನೋಡುತ್ತಿದ್ದೆ. ದನಿ ನಾಳೆಗೆ ಸೇರಿದ್ದು. ನನಗೆ ಕಂಡದ್ದು ಮೈ ಮಾತ್ರ. ಅರ್ಧ ಸಾಲಿಗೇ ಉಸಿರು ಎಳೆದುಕೊಂಡರು. ಕತ್ತಿನ ನರ ಉಬ್ಬಿತು. ಮೂರು ಕಡೆ ಸಾಲಿನ ನಡುವೆ ನಿಂತೇಹೋದರು, ಕಣ್ಣು ಮುಚ್ಚಿ ಹುಡುಕಿದರು. ಕೆಮ್ಮಿದರು. ಒಂದು ಕಾಲಕ್ಕೆ ಇದೇ ಭಾಗವನ್ನು ಅವರು ಕಟ್ಟಿಗೆ ಸೀಳಿದ ಹಾಗೆ ಸಲೀಸಾಗಿ ಓದಿದ್ದನ್ನು ಕೇಳಿದವನು ನಾನು. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ನನಗೇ ದಮ್ಮು ಹತ್ತಿದಂತಾಗಿತ್ತು. ಅವರನ್ನು ಹೊರಗೆ ಕಳಿಸಿ, ಚಾಪೆ ಸುತ್ತಿಟ್ಟು, ಹಿಂದಿನ ಯಂತ್ರದ ಕೋಣೆಗೆ ಹೋಗಿ ಕಲ್ಲುಪೀಠದ ಮೇಲೆ ಕುಸಿದು ಕೂತೆ. ಲೋಲಾಕ್ಷಿ ಬಂದು ಎದುರಿಗೆ ನಿಂತಳು. ಹೇಗಾಯಿತು ಎಂದು ಕೈಯಲ್ಲೇ ಕೇಳಿದಳು. ಹಾಲಿನೊಳಗಿಂದ ಸೋಮವಾರ ನಾವು ಡಬ್ಬ ಎಳೆದ ಸದ್ದು ಕಿವಿಗೆ ಗರಗಸ ಹಾಕುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಒಂದು ನಿಟ್ಟುಸಿರು ಬಿಟ್ಟು ಹೇಳಿದೆ:

“ನಿಜ ಹೇಳ್ಲಾ ಟೀಚರ್? ಆರಾಧ್ಯರಿಗೆ ಕಂಠ ಹೋಗಿ ಎಷ್ಟೋ ವರ್ಷ ಆಯ್ತು. ಕರೀದೆ ಇದ್ರೆ ನೊಂದ್ಕೋತಾರೆ ಅಂತ ಸೇರಿಸ್ಕೊಂಡಿದ್ದು. ನಾಳೆ ಇಪ್ಪತ್ತು ನಿಮಿಷ ಜನ ಸಹಿಸ್ಕೋಬೇಕು, ಅಷ್ಟೆ. ನಂಗೂ ಸಾಕಾಗಿದೆ. ಐವತ್ತು ವರ್ಷದಿಂದ ಕೇಳ್ತಾ ಇದೀನಿ.”

ಕಣ್ಣು ತೆರೆದೆ. ಲೋಲಾಕ್ಷಿ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ‘ಏನು?’ ಎಂದಿತು, ಸದ್ದಿಲ್ಲ. ಆಗ ನಾನು ತಲೆ ಎತ್ತಿದೆ. ಆಕಾಶವಿರಬೇಕಾದ ಕಡೆ ನೀಲಿ ತಾಡಪಾಲು.

ಅದನ್ನು ಕಟ್ಟಿಸಿದವನೂ ನಾನೇ. ಬುಧವಾರದ ಬಿಸಿಲಿಗೆ ಆರಾಧ್ಯರು ಹಾಲಿನ ಸೆಕೆಯಲ್ಲಿ ಕೂರಲಾರರು, ಅವರಿಗೊಂದು ಕುರ್ಚಿ ಇಲ್ಲಿ ನೆರಳಿನಲ್ಲಿ ಹಾಕೋಣ ಎಂದು ಬೆಳಿಗ್ಗೆ ಆಳುಗಳಿಗೆ ಹೇಳಿದ್ದೆ. ಮಧ್ಯಾಹ್ನ ನಾನು ಒಳಗೆ ಗಡಿಯಾರ ಹಿಡಿದು ನಿಂತಿದ್ದಾಗ ಅವರು ಬಂದು ನಾಲ್ಕು ಮೂಲೆಗೆ ಹಗ್ಗ ಬಿಗಿದು ಹೋಗಿದ್ದರು. ತಾಡಪಾಲೂ ಸೂರೇ. ನಮ್ಮೂರ ಎಳೆಮಗುವಿಗೂ ಅದು ಗೊತ್ತು. ಗಡಿಯಾರ ಮೂರು ನಲವತ್ತೊಂದು ತೋರಿಸುತ್ತಿತ್ತು.

ಗೇಟಿನಾಚೆ ಬೀದಿಗೆ ಬಂದು ಲೋಲಾಕ್ಷಿಗೂ ಖಾಸಿಂ ಸಾಬರಿಗೂ ಹೇಳಿದೆ. ಆಡಿದ ಮಾತನ್ನು ಬಾಯಲ್ಲಿ ಮತ್ತೆ ಆಡಲಾರದೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಲೋಲಾಕ್ಷಿ ಓದಿ ಸ್ಲೇಟನ್ನು ತಿರುಗಿಸಿ ಹಿಡಿದಳು, ಯಾರಾದರೂ ನೋಡಿಯಾರು ಎಂಬಂತೆ. “ನಾಳೆ ಆ ಹೊತ್ತಿಗೆ ಅವರನ್ನ ಮನೆಗೆ ಕಳಿಸಿಬಿಡೋಣ ಸಾರ್,” ಎಂದಳು.

“ಅವರು ಹೋದ್ರೆ ಸಾಕಾ? ನಲವತ್ತು ಜನ ಕೇಳ್ತಾರೆ. ರಾತ್ರಿ ಊಟದೊಳಗೆ ಅವರ ಮನೆ ಕಟ್ಟೆಗೆ ಸುದ್ದಿ ಹೋಗಿರುತ್ತೆ,” ಎಂದೆ.

ಖಾಸಿಂ ಸಾಬರು ಗಡ್ಡ ಕೆರೆದುಕೊಂಡರು. “ನೋಡಿ ಕಪ್ನಯ್ನೋರೆ, ತಾಡಪಾಲು ತೆಗೆದ್ರೂ ನೀವು ಆಡಿದ್ದು ಬಂದೇ ಬರುತ್ತೆ. ಆದ್ರೆ ತೆಗೆದ್ರೆ ಅದು ಬಯಲು. ಬಯಲಲ್ಲಿ ನಾನು ಹಂಡೆ ಬಡಿದ್ರೆ ಆಗ್ಲೇ ಕೇಳುತ್ತೆ. ಮೂರು ಮೂವತ್ತೊಂಬತ್ತಕ್ಕೆ ಶುರು ಮಾಡ್ತೀನಿ, ನಲವತ್ತೆರಡಕ್ಕೆ ನಿಲ್ಲಿಸ್ತೀನಿ. ಇದೂ ಒಂದು ಐಟಂ ಅನ್ಕೊಳ್ಳಿ. ನಿಮ್ಮ ಮಾತು ಹಂಡೆ ಕೆಳಗೆ ಸತ್ತೋಗುತ್ತೆ.”

ನಾನು ಒಪ್ಪಿದೆ. ಬೇರೇನನ್ನೂ ಯೋಚಿಸುವ ಶಕ್ತಿ ಇರಲಿಲ್ಲ.

ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಲು ಆರಾಧ್ಯರ ಮನೆ ಕಡೆಗೇ ಹೋಯಿತು. ನಾನಾಗಿಯೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ಅವರು ಮನೆ ಮುಂದಿನ ಬಯಲು ಕಟ್ಟೆಯ ಮೇಲೆ ಕೂತಿದ್ದರು, ಕೋಲು ಮಗ್ಗುಲಿಗೆ ಒರಗಿತ್ತು. “ಬಾ ಕಪನಿ,” ಎಂದು ಪಕ್ಕಕ್ಕೆ ಸರಿದರು. ಕೂತೆ. ಒಳಗಿನಿಂದ ಅವರದೇ ದನಿ ಬರುತ್ತಿತ್ತು. ಸೋಮವಾರ ಸಂಜೆಯ ಅಭ್ಯಾಸ. ‘ಅರಸುತನವನು ಹೊಸಿಲ ಹೊರಗಿಳುಹಿ ಬಂದೆನೆಲೆ ತಾಯೆ’ ಎಂದು ಏರಬೇಕಾದ ಕಡೆ ದನಿ ಬಿರಿದು ಎರಡಾಯಿತು. ಕೆಮ್ಮು. ಮತ್ತೆ ಮೊದಲಿನಿಂದ. ಮತ್ತೆ ಬಿರಿಯಿತು. ನೀರು ಗುಟುಕರಿಸಿದ ಸದ್ದು. ಮತ್ತೆ ಮೊದಲಿನಿಂದ. ಒಂಬತ್ತು ಸಲ ಎಣಿಸಿದೆ, ಆಮೇಲೆ ಬಿಟ್ಟೆ. ಆರಾಧ್ಯರು ತಲೆದೂಗಲಿಲ್ಲ. ಬೇರೆ ಯಾರದೋ ಮನೆಯ ಜಗಳ ಕೇಳುವವರ ಹಾಗೆ ನೆಲ ನೋಡುತ್ತ ಕೂತಿದ್ದರು.

“ಹೆಂಗಿದೆ?” ಎಂದರು.

“ಚೆನ್ನಾಗಿದೆ ಬುದ್ಧಿ.”

“ಇವತ್ತು ಮಧ್ಯಾಹ್ನ ನೀನು ಎದುರಿಗೆ ನಿಂತಿದ್ದೆಯಲ್ಲ, ಅದ್ಕೇ ಮುಗಿಸಿದೆ ಕಣೋ. ಇಲ್ದಿದ್ರೆ ಎರಡನೇ ಪದ್ಯಕ್ಕೇ ಎದ್ದುಬಿಡ್ತಿದ್ದೆ.” ಜಾರುತ್ತಿದ್ದ ಕೋಲನ್ನು ನೆಟ್ಟಗೆ ಒರಗಿಸಿ, “ನಂಗೋಸ್ಕರ ಹಿಂದುಗಡೆ ನೆರಳು ಕಟ್ಸಿದ್ದೀಯಂತೆ. ಖಾಸಿಂ ಹೇಳ್ದ,” ಎಂದರು.

ನಮಸ್ಕಾರ ಮಾಡಿ ಎದ್ದುಬಂದೆ.

ಬುಧವಾರ ಬೆಳಿಗ್ಗೆ ಮೊದಲು ಮಾಡಿದ ಕೆಲಸ ತಾಡಪಾಲಿನ ಹಗ್ಗ ಬಿಚ್ಚಿದ್ದು. “ಬಿಚ್ಚಿದ್ಯಾಕೆ ಕಪ್ನಣ್ಣ, ಬಿಸ್ಲು ಈ ಪಾಟಿ ಇದೆ,” ಎಂದು ಸಾವಂತ್ರಮ್ಮ ಕೇಳಿದ್ದಕ್ಕೆ, ಗಾಳಿ ಬರಲಿ ಅಂತ ಎಂದೆ. ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮುಚ್ಚಳಗಳ ಮೇಲೆ ಕೂತರು. ಅವರು ಕೆಮ್ಮಿದ್ದು, ಮಿಸುಕಿದ್ದು, ಮಕ್ಕಳನ್ನು ಗದರಿದ್ದು ಯಾವುದೂ ಕೇಳುವಂತಿರಲಿಲ್ಲ, ಅದೆಲ್ಲ ನಾಳೆಯದು. ಲೋಲಾಕ್ಷಿಯ ಹನಿಗಳು ಒಂದು ಡಬ್ಬದಿಂದ ಇನ್ನೊಂದಕ್ಕೆ ನಡೆದುಹೋದವು. ತಿದಿ ಉಸಿರಾಡಿತು, ಕಲಾಯಿಯ ನವಸಾಗರದ ಪುಡಿ ಹಂಡೆಗೆ ಬಿದ್ದು ಚುರ್ರೆಂದಿತು. ಜರಡಿಯ ರಾಗಿ ಹಾಲಿನ ತುಂಬ ಸುರಿಯಿತು. ನಡುವೆ ಸೀನು ಬಂದಾಗ ನಲವತ್ತು ಮೈಗಳು ಒಟ್ಟಿಗೆ ಕುಲುಕಿ ನಕ್ಕವು, ಸದ್ದಿಲ್ಲದೆ. ಚೆನ್ನಾಗಿಯೇ ಇದ್ದಿರಬೇಕು. ನನ್ನ ಕಣ್ಣು ಮಾತ್ರ ಗಡಿಯಾರದ ಮೇಲೆ.

ಮೂರಕ್ಕೆ ಆರಾಧ್ಯರ ದನಿ ಬಂತು. ನಿನ್ನೆ ನನ್ನ ಕಣ್ಣು ಹೇಳಿದ್ದು ಸುಳ್ಳಲ್ಲ. ಕಂಠ ಹೋಗಿತ್ತು. ಒಣಗಿದ ತೊಗಲಿನ ಹಾಗೆ ಚರಚರ ಎನ್ನುತ್ತಿತ್ತು. ಬಿರಿದ ಕಡೆ ಬಿರಿಯಿತು, ನಿಂತ ಕಡೆ ನಿಂತಿತು. ಆದರೆ ಕಣ್ಣಿಗೆ ಕಾಣದ್ದೂ ಒಂದಿತ್ತು. ಅರಸ ನೀರು ಕೇಳುವಾಗ, ಕಾವ್ಯದಲ್ಲಿ ಅರಸನಿಗೆ ಬಾಯಾರಿದೆ ಎಂದು ನನಗೆ ಐವತ್ತು ವರ್ಷದಲ್ಲಿ ಮೊದಲ ಸಲ ಅನ್ನಿಸಿತು. ‘ಬೊಗಸೆಯೊಡ್ಡಿಹೆನು ಎರೆ ತಣ್ಣನೆಯ’ ಎಂದು ಅವರು ಕೊನೆಯ ಪದ ಬಿಟ್ಟಾಗ, ಸುತ್ತಲಿದ್ದ ಹಳಬರ ಬಾಯಿಗಳು ಅಭ್ಯಾಸದಿಂದ ಆಡಿದವು. ನನ್ನ ಬಾಯಿ ಆಡಲಿಲ್ಲ. ನಾನು ಮುಳ್ಳು ನೋಡುತ್ತಿದ್ದೆ.

ಮೂರು ಇಪ್ಪತ್ತಾಯಿತು. ಆರಾಧ್ಯರು ಹಾಲಿನ ಮುಂದಿನ ಬಾಗಿಲ ಹತ್ತಿರ ನಾನು ಹಾಕಿದ್ದ ಕುರ್ಚಿಯಿಂದ ಎದ್ದರು. ಹೊರಗೆ ಕರೆದುಕೊಂಡು ಹೋಗೋಣವೆಂದು ತೋಳು ಹಿಡಿದೆ. ಅವರು ಕೈ ಬಿಡಿಸಿಕೊಂಡು, ಹಿಂದುಗಡೆ ಎಂದು ಸನ್ನೆ ಮಾಡಿದರು. ಕೋಲೂರಿಕೊಂಡು ನಿಧಾನವಾಗಿ, ಮುಚ್ಚಳದಿಂದ ಮುಚ್ಚಳಕ್ಕೆ ಕಾಲಿಡುತ್ತ ಯಂತ್ರದ ಕೋಣೆಗೆ ಹೋದರು. ಹಿಂದೆ ಹತ್ತು ಹದಿನೈದು ಜನ ಗಾಳಿಗೆಂದು ಬಂದರು. ನಾನು ನಿನ್ನೆ ಕೂತ ಕಲ್ಲುಪೀಠದ ಮೇಲೆಯೇ ಆರಾಧ್ಯರು ಕೂತರು.

“ಎಲ್ಲೋ ನಿನ್ನ ನೆರಳು?” ಎಂದರು ಆಕಾಶ ನೋಡಿ.

ನಾನು ಗಡಿಯಾರ ನೋಡಿದೆ. ಮೂಲೆಯಲ್ಲಿ ಖಾಸಿಂ ಸಾಬರು ಹಂಡೆ ಬೋರಲು ಹಾಕಿಕೊಂಡು ಕೂತಿದ್ದರು. ಮೂರು ಮೂವತ್ತೊಂಬತ್ತಕ್ಕೆ ನನ್ನ ಮುಖ ನೋಡಿ ಶುರು ಮಾಡಿದರು. ಢಣ್. ಢಣ್. ಜನ ಹೊಸ ಐಟಂ ಎಂದುಕೊಂಡು ಹತ್ತಿರ ಬಂದರು. ಎರಡು ಏಟಿನ ನಡುವೆ, ಆರಾಧ್ಯರ ಪಕ್ಕದಲ್ಲೇ, ಯಾರೂ ಇಲ್ಲದ ಗಾಳಿಯಿಂದ ಒಂದು ನಿಟ್ಟುಸಿರು ಕೇಳಿತು. ನನ್ನದು.

ಆರಾಧ್ಯರು ಕಿವಿ ನಿಮಿರಿಸಿದರು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ತೋರಿಸಿದರು. ಖಾಸಿಂ ಸಾಬರ ಸುತ್ತಿಗೆ ಮೇಲೆಯೇ ನಿಂತಿತು. ಅವರು ನನ್ನನ್ನು ನೋಡಿದರು. ಬಡಿಯಿರಿ ಎಂದು ತಲೆಯಾಡಿಸಿದ್ದರೆ ಬಡಿಯುತ್ತಿದ್ದರು, ಅಷ್ಟು ಒಳ್ಳೆಯ ಮನುಷ್ಯ. ಆ ಅಂಗೈ ಎತ್ತಿದ ಮೇಲೆ ಸದ್ದು ಮಾಡುವುದು ನನ್ನಿಂದ ಎಂದೂ ಆದದ್ದಲ್ಲ. ನಾನು ತಲೆ ಆಡಿಸಲಿಲ್ಲ.

ನನ್ನ ದನಿ ಬಂತು. ನಿಜ ಹೇಳ್ಲಾ ಟೀಚರ್, ಎಂದಿತು. ಉಳಿದದ್ದನ್ನೂ ಹೇಳಿತು. ಒಂದು ಅಕ್ಷರವೂ ಮಾಸಿರಲಿಲ್ಲ. ‘ಸಹಿಸ್ಕೋಬೇಕು’ ಎಂದಾಗ ಸಾವಂತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ನಂಗೂ ಸಾಕಾಗಿದೆ’ ಎಂಬುದು ನಾನು ಅಂದುಕೊಂಡದ್ದಕ್ಕಿಂತ ನಿಧಾನವಾಗಿ, ಬಿಡಿಸಿ ಬಿಡಿಸಿ ಬಂತು. ಆರಾಧ್ಯರು ಕೊನೆಯವರೆಗೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ, ಬೆನ್ನು ನೆಟ್ಟಗೆ ಮಾಡಿ ಕೇಳಿದರು. ಕೇಳುವುದು ಹೇಗೆಂದು ನಾನು ಕಲಿತದ್ದು ಅವರಿಂದಲೇ ಎಂಬುದು ಆಗ ನೆನಪಾಯಿತು.

ಜನ ಒಬ್ಬೊಬ್ಬರಾಗಿ ಸರಿದುಹೋದರು.

“ನಿನ್ನ ದನಿ ಇಷ್ಟು ದಪ್ಪ ಅಂತ ಗೊತ್ತಿರ್ಲಿಲ್ಲ ಕಪನಿ,” ಎಂದರು ಆರಾಧ್ಯರು. “ಕೊನೇ ಪದ ಬಿಟ್ರೆ, ಐವತ್ತು ವರ್ಷದಲ್ಲಿ ನಿನ್ನ ಬಾಯಿಂದ ಬೇರೇನು ಕೇಳಿದ್ದೆ ನಾನು?”

“ಬುದ್ಧಿ, ಆಯಾಸದಲ್ಲಿ…”

“ಈಗ ಬೇಡ.”

ಕೋಲು ಹಿಡಿದು ಎದ್ದರು. ಮನೆ ಕಡೆಗೆ ಹೋಗಲಿಲ್ಲ. ಖಾಲಿಯಾಗಿದ್ದ ಹಾಲಿನೊಳಗೆ ಹೋಗಿ, ಸುತ್ತಿಟ್ಟಿದ್ದ ಚಾಪೆ ಬಿಡಿಸಿ ನಮಗೆ ಬೆನ್ನು ಹಾಕಿ ಕೂತರು. ಅವರ ಭುಜ, ತಲೆ ಅಲುಗುವುದು ಕಾಣುತ್ತಿತ್ತು. ಏನೋ ಹೇಳುತ್ತಿದ್ದರು, ಬಹಳ ಹೊತ್ತು. ಅವರು ಕೂತಾಗ ಗಡಿಯಾರ ಮೂರು ಐವತ್ತು. “ಏನಂತಿದಾರೆ ಸಾರ್?” ಎಂದು ಹೊರಗೆ ಲೋಲಾಕ್ಷಿ ಕೇಳಿದಳು. ನಮ್ಮೂರಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. “ನಾಳೆ ಕೇಳೋಣ,” ಎಂದೆ.

ಗುರುವಾರ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ನಾನು ಒಬ್ಬನೇ ಬೀಗ ತೆಗೆದು ಹಾಲಿನಲ್ಲಿ ಕೂತೆ. ಬುಧವಾರದ ಜನರ ಸದ್ದು ಆಗ ಕೇಳತೊಡಗಿತು: ಕಾಲಸಪ್ಪಳ, ಕೆಮ್ಮು, ಮಗುವೊಂದರ ಅಳು, ಸೀನಿಗೆ ಸಿಡಿದ ನಗು. ಮೂರು ಗಂಟೆಯ ಮೇಲೆ, ಪದ್ಯವಿಲ್ಲದೆ, ಪದ್ಯದ ಕೊನೆಯ ಪದಗಳು ಮಾತ್ರ ಒಂದೊಂದಾಗಿ ಬಂದವು. ಹಳಬರ ದನಿ. ‘ನೀರ’ ಎಂದದ್ದು ಐದಾರು ಜನ. ಅದರಲ್ಲಿ ನನ್ನದು ಇರಲಿಲ್ಲ.

ಮೂರು ಐವತ್ತಕ್ಕೆ ಕೋಲು ನೆಲಕ್ಕೆ ತಾಗಿದ ಸದ್ದು. ಆಮೇಲೆ ಅವರ ದನಿ.

“ಬಂದಿರ್ತೀಯ ಅಂತ ಗೊತ್ತು. ಸಾಕಾಗಿದ್ರೆ ಎದ್ದು ಹೋಗು ಕಪನಿ. ನಂಗೇನೂ ಬೇಜಾರಿಲ್ಲ ಅಂತ ಹೇಳಲ್ಲ, ಇದೆ. ಆದ್ರೆ ನಾನು ಓದೋದು ನಿಲ್ಸಲ್ಲ. ಹೋಗೋದಾದ್ರೆ ಈಗ ಹೋಗು, ನಡುವೆ ಏಳ್ಬೇಡ.”

ಆಮೇಲೆ ಸುಮ್ಮನಾದರು. ಒಬ್ಬ ಮನುಷ್ಯ ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ ಹೋಗಲು ಬೇಕಾಗುವಷ್ಟು ಹೊತ್ತು. ನನ್ನ ಮಂಡಿ ಎಂದಿನಂತೆ ಸೆಳೆಯುತ್ತಿತ್ತು. ನಾನು ಏಳಲಿಲ್ಲ.

ಅವರು ಓದತೊಡಗಿದರು. ಅದೇ ಭಾಗ, ಮೊದಲಿನಿಂದ. ಅದೇ ಬಿರಿದ ದನಿ, ಅದೇ ಕೆಮ್ಮು. ಈ ಸಲ ಎರಡು ಕಡೆ ಮಾತ್ರ ನಿಂತರು. ನಾನು ಅಂಗೈ ಮಲಗಿಸಿ ಕೂತು ಕೇಳಿದೆ. ಪ್ರತಿ ಪದ್ಯದ ಕೊನೆಗೆ ಅವರು ಬಿಟ್ಟ ಜಾಗದಲ್ಲಿ ಆ ಪದ ಹೇಳಿದೆ. ನನ್ನ ಬಾಯಿ ಆಡಿದ್ದು ನನಗೆ ಗೊತ್ತು, ದನಿ ಕೇಳಲಿಲ್ಲ. ‘ಎರೆ ತಣ್ಣನೆಯ’ ಎಂದು ಅವರು ನಿಲ್ಲಿಸಿದಾಗ, ನಾನು ಎದೆ ತುಂಬ ಉಸಿರೆಳೆದು ‘ನೀರ’ ಎಂದೆ. ಅದು ಶುಕ್ರವಾರಕ್ಕೆ ಸೇರಿದ್ದು. ಕೇಳಲು ಯಾರಿರುತ್ತಾರೆ ಎಂದು ಗೊತ್ತಿರಲಿಲ್ಲ. ಹೋಗುವಾಗ ಬಾಗಿಲು ಎಳೆದುಕೊಂಡೆ. ಬೀಗ ಹಾಕಲಿಲ್ಲ.

ಶುಕ್ರವಾರ ಐದಕ್ಕೆ ಕೀಲಿಕೈ ಒಪ್ಪಿಸಬೇಕಿತ್ತು. ನಾಲ್ಕಕ್ಕೆ ಇನ್ನು ಸ್ವಲ್ಪ ಹೊತ್ತಿರುವಾಗ ಬೀಗ ಹಿಡಿದು ಫ್ಯಾಕ್ಟರಿಯ ಗೇಟು ದಾಟಿದೆ. ಬಾಗಿಲು ಒಂದು ಗೇಣು ತೆರೆದಿತ್ತು. ಹೊಸಿಲ ಪಕ್ಕದ ಗೋಡೆಗೆ ಆರಾಧ್ಯರ ಕೋಲು ಒರಗಿತ್ತು, ಅದರ ಕೆಳಗೆ ಅವರ ಹಳೆಯ ಚಪ್ಪಲಿ ಜೋಡಿ. ಒಳಗಿನಿಂದ ಆಗಾಗ ಒಂದು ದಪ್ಪ ದನಿ, ಒಂದೊಂದೇ ಪದ, ನಡುವೆ ಉದ್ದನೆಯ ಮೌನ.

ನಾನು ಒಳಗೆ ಹೋಗಲಿಲ್ಲ. ಬೀಗವನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ಕೂತೆ. ಪುರಸಭೆಯವರು ಕಾಯಲಿ.